ನಲ್ಲಿಯ ನೀರೂ ಆಕಾಶದ ಮಿಂಚೂ

ನಾವಿರುವುದು ಮುಂಬಯಿಯ ಹೊರವಲಯದ ಒಂದು ಹಳೆಯ ಚಾಳಿನಲ್ಲಿ. ಬೆಳಿಗ್ಗೆ ಆರಕ್ಕೆ ನಲ್ಲಿಗೆ ನೀರು ಬರುತ್ತದೆ, ಅದರಲ್ಲಿ ವಾದವಿಲ್ಲ. ಎಷ್ಟು ಹೊತ್ತು ಬರುತ್ತದೆ ಎಂಬ ವಿಷಯದಲ್ಲಿ ಮಾತ್ರ ಹನ್ನೆರಡು ಮನೆಗಳಿಗೆ ಹನ್ನೆರಡು ಮತಗಳು. “ಅರ್ಧಾ ತಾಸು ಬಂತು ನೋಡ್ರಿ. ನೀವು ಏಳೋದು ತಡಾ ಆದ್ರ ನಲ್ಲಿ ಏನ್ ಮಾಡೀತು?” ಎಂದು ನಮ್ಮಾಕೆ. ಮೇಲಂತಸ್ತಿನ ಶೆಟ್ಟರನ್ನು ಕೇಳಿದರೆ, “ಹತ್ತು ನಿಮಿಷ ಬಂದರೆ ಅದೇ ಪುಣ್ಯ, ಮಾರಾಯರೆ” ಎನ್ನುತ್ತಾರೆ. ನಮ್ಮ ಲೆಕ್ಕ ಇವೆರಡರ ನಡುವಿನದು. ಮೂವರೂ ಸುಳ್ಳಾಡುವವರಲ್ಲ. ಒಂದೇ ಕೊಳವೆ, ಒಂದೇ ನೀರು, ಒಂದೇ ಬೆಳಗು. ಆದರೆ ಅವಧಿ ಮೂರು!

ಹೀಗೆ ಒಂದು ದಿನ ಚರ್ಚೆ ನಡೆದಿದ್ದಾಗ, ನಾಲ್ಕನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ಪುಸ್ತಕದಿಂದ ತಲೆಯೆತ್ತಿ, “ಅಪ್ಪಾ, ಆಕಾಶದಾಗ ಗ್ಯಾಮಾ ಕಿರಣದ ಸ್ಫೋಟ ಆಗ್ತದಂತ. ಒಂದೊಂದು ಎರಡು ಸೆಕೆಂಡೂ ಇರೋದಿಲ್ಲಂತ. ಅಷ್ಟರಾಗ ಗಡಿಯಾರ ಹಿಡಕೊಂಡು ಅಳದವರು ಯಾರು?” ಎಂದು ಕೇಳಿದಳು. ನಾವು ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ಗಣಿತಕ್ಕೂ ನಮಗೂ ಇರುವ ಸಂಬಂಧ ತಿಂಗಳ ಕೊನೆಯ ಸಂಬಳದ ಚೀಟಿಯಷ್ಟೇ. ಆದರೂ ಮಗಳ ಮುಂದೆ ‘ಗೊತ್ತಿಲ್ಲ’ ಎನ್ನುವುದಕ್ಕೆ ತಂದೆಯಾದವನಿಗೆ ಸಂಕೋಚವಲ್ಲವೆ? “ಭಾನುವಾರ ಹೇಳ್ತೀನಿ” ಎಂದು ವಾಯಿದೆ ಪಡೆದು, ಸಿಕ್ಕಿದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆವು. ಆ ಭಾನುವಾರದ ಪಾಠವನ್ನೇ ಈ ಸಲದ ಅಂಕಣಕ್ಕೆ ಇಳಿಸಿದ್ದೇವೆ.

ಮೊದಲು ಈ ಸ್ಫೋಟದ ಪರಿಚಯವಾಗಲಿ. ಗ್ಯಾಮಾ ಕಿರಣವೆಂಬುದು ಬೆಳಕಿನ ಜಾತಿಯದೇ. ಕೈಕಾಲು ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯುವ ಎಕ್ಸ್‌ರೇಗೆ ಅಣ್ಣ. ಕಣ್ಣಿಗೆ ಕಾಣದು, ಶಕ್ತಿ ಬಹಳ. ಆಕಾಶದಿಂದ ಬರುವ ಈ ಕಿರಣಗಳನ್ನು ನಮ್ಮ ವಾಯುಮಂಡಲ ಮೇಲೆಯೇ ತಡೆದುಬಿಡುತ್ತದೆ. ಆದುದರಿಂದ ಅವುಗಳನ್ನು ನೋಡಬೇಕಾದರೆ ಉಪಗ್ರಹದಲ್ಲಿ ಉಪಕರಣವನ್ನಿಟ್ಟು ಮೇಲಕ್ಕೆ ಕಳುಹಿಸಬೇಕು.

ಇದನ್ನು ಕಂಡುಹಿಡಿದವರು ಹುಡುಕಿಕೊಂಡು ಹೊರಟದ್ದು ಬೇರೆಯೇ ವಸ್ತುವನ್ನು. ೧೯೬೩ರಲ್ಲಿ ಅಮೆರಿಕ, ರಷ್ಯ, ಬ್ರಿಟನ್ನುಗಳು ನೆಲದ ಮೇಲೂ ಸಮುದ್ರದಲ್ಲಿಯೂ ಅಂತರಿಕ್ಷದಲ್ಲಿಯೂ ಅಣುಬಾಂಬಿನ ಪರೀಕ್ಷೆ ಮಾಡುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಹಾಕಿದವು. ಸಹಿ ಹಾಕಿದ ಮೇಲೂ ನಂಬಿಕೆ ಬರಬೇಕಲ್ಲ! ಯಾರಾದರೂ ಕದ್ದು ಬಾಂಬು ಸಿಡಿಸಿದರೆ ಅದರ ಗ್ಯಾಮಾ ಕಿರಣ ಕಾಣಲೆಂದು ಅಮೆರಿಕದವರು ‘ವೇಲಾ’ ಎಂಬ ಉಪಗ್ರಹಗಳನ್ನು ಕಾವಲಿಗೆ ಬಿಟ್ಟರು. ೧೯೬೭ರ ಜುಲೈ ೨ರಂದು ಆ ಕಾವಲುಗಾರರಿಗೆ ಒಂದು ಮಿಂಚು ಕಂಡಿತು. ಬಾಂಬಿನ ಮಿಂಚಿನ ಹಾಗೆ ಅದಿರಲಿಲ್ಲ. ದಾಖಲೆ ಕಡತಕ್ಕೆ ಹೋಯಿತು. ಎರಡು ವರ್ಷದ ಮೇಲೆ, ೧೯೬೯ರಲ್ಲಿ, ಲಾಸ್ ಅಲಮೋಸ್ ಪ್ರಯೋಗಶಾಲೆಯ ರೇ ಕ್ಲೀಬೆಸಾಡೆಲ್ ಮತ್ತು ಅವರ ಜೊತೆಗಾರರು ಹಳೆಯ ದಾಖಲೆಗಳನ್ನು ತಿರುವುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಮುಂದೆ ಇನ್ನಷ್ಟು ಮಿಂಚುಗಳನ್ನು ಕೂಡಿಹಾಕಿ, ಬೇರೆ ಬೇರೆ ಉಪಗ್ರಹಗಳಿಗೆ ಅವು ತಲಪಿದ ವೇಳೆಗಳನ್ನು ಹೋಲಿಸಿ, ಅವು ಭೂಮಿಯಿಂದಲೂ ಬಂದುವಲ್ಲ, ಸೂರ್ಯನಿಂದಲೂ ಬಂದುವಲ್ಲ ಎಂದು ಗೊತ್ತುಮಾಡಿಕೊಂಡರು. ೧೯೭೩ರಲ್ಲಿ ಹದಿನಾರು ಸ್ಫೋಟಗಳ ವಿವರವನ್ನು ಪ್ರಕಟಿಸಿದರು. ಕಡತದ ಕೋಣೆಯಲ್ಲಿ ಆಯುಷ್ಯ ಸವೆಸುತ್ತಿರುವ ನಮ್ಮಂಥವರಿಗೆ ಈ ಕಥೆ ಕೇಳಿ ಒಂದು ಬಗೆಯ ಹೆಮ್ಮೆಯಾಗುತ್ತದೆ. ಹಳೆಯ ಕಾಗದವನ್ನು ಹರಿದು ಹಾಕದೆ ಇಟ್ಟವರಿಗೂ ವಿಜ್ಞಾನದಲ್ಲಿ ಪಾಲುಂಟು!

ಆ ಹದಿನಾರರಲ್ಲಿ ಕೆಲವು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತಲೂ ಚಿಕ್ಕವು. ಕೆಲವು ಅರ್ಧ ನಿಮಿಷದವು. ಹಾಗಾದರೆ ಅಳೆದದ್ದು ಹೇಗೆ? ಗಡಿಯಾರದ ಕೊರತೆಯೇನೂ ಅಲ್ಲಿಲ್ಲ. ಉಪಗ್ರಹದ ಗಡಿಯಾರ ಸೆಕೆಂಡಿನ ಸಾವಿರದ ಪಾಲನ್ನೂ ಎಣಿಸೀತು. ತೊಡಕಿರುವುದು ‘ಶುರು’ ಎಂದರೆ ಯಾವುದು, ‘ಮುಗಿಯಿತು’ ಎಂದರೆ ಯಾವುದು ಎಂಬುದರಲ್ಲಿ. ಇಲ್ಲಿಗೆ ನಮ್ಮ ನಲ್ಲಿಯೇ ಸಹಾಯಕ್ಕೆ ಬಂತು.

ಆರು ಗಂಟೆಗೆ ನಲ್ಲಿ ಮೊದಲು ಕೆಮ್ಮುತ್ತದೆ. ಆಮೇಲೆ ನಾಲ್ಕು ಹನಿ, ಒಂದಿಷ್ಟು ಗಾಳಿ, ಒಂದು ಎಳೆ ನೀರು. ಕೊಂಚ ಹೊತ್ತಿಗೆ ಧಾರೆ. ಧಾರೆ ಇಳಿದ ಮೇಲೆ ದಾರದಂಥ ಒಂದು ಎಳೆ ಬಹಳ ಹೊತ್ತು ಬರುತ್ತಲೇ ಇರುತ್ತದೆ. ಕೆಮ್ಮಿನಿಂದ ಕೊನೆಯ ಎಳೆಯವರೆಗೆ ಎಣಿಸಿದರೆ ನಮ್ಮಾಕೆಯ ಅರ್ಧ ತಾಸು. ಧಾರೆಯೊಂದನ್ನೇ ಎಣಿಸಿದರೆ ನಮ್ಮ ಲೆಕ್ಕ. ಇದನ್ನು ತೀರ್ಮಾನ ಮಾಡುವುದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದದ್ದು: ಹೊತ್ತನ್ನು ನೋಡಬೇಡಿ, ಕೊಡಗಳನ್ನು ಎಣಿಸಿ.

ಒಟ್ಟು ಇಪ್ಪತ್ತು ಕೊಡ ನೀರು ಬಂತೆನ್ನಿ. ಮೊದಲನೆಯ ಕೊಡ ತುಂಬಿದಾಗ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ: ಆರು ಗಂಟೆ ನಾಲ್ಕು ನಿಮಿಷ. ಹತ್ತೊಂಬತ್ತನೆಯ ಕೊಡ ತುಂಬಿದಾಗ ಮತ್ತೆ ನೋಡಿ: ಆರು ಗಂಟೆ ಹದಿನೆಂಟು ನಿಮಿಷ. ಅವಧಿ ಹದಿನಾಲ್ಕು ನಿಮಿಷ. ಮೊದಲಿನ ಕೆಮ್ಮಿನ ಒಂದು ಕೊಡವೂ ಕೊನೆಯ ಎಳೆಯ ಒಂದು ಕೊಡವೂ ಲೆಕ್ಕದಿಂದ ಹೊರಗೆ. ನಡುವಿನ ಹದಿನೆಂಟು ಕೊಡ, ಎಂದರೆ ನೂರಕ್ಕೆ ತೊಂಬತ್ತು ಪಾಲು, ಲೆಕ್ಕದ ಒಳಗೆ. ಗ್ಯಾಮಾ ಸ್ಫೋಟದಲ್ಲಿ ಕೊಡದ ಬದಲು ಉಪಕರಣಕ್ಕೆ ಬಂದು ಬಡಿದ ಕಿರಣದ ಕಣಗಳನ್ನು, ಎಂದರೆ ಫೋಟಾನುಗಳನ್ನು, ಎಣಿಸುತ್ತಾರೆ. ಒಟ್ಟು ಎಣಿಕೆಯಲ್ಲಿ ನೂರಕ್ಕೆ ಐದು ಪಾಲು ಬಂದ ಗಳಿಗೆಯಿಂದ ತೊಂಬತ್ತೈದು ಪಾಲು ಬಂದ ಗಳಿಗೆಯವರೆಗಿನ ಕಾಲಕ್ಕೆ ‘ಟಿ-೯೦’ ಎಂದು ಹೆಸರು. ಐದನೆಯ ಕೊಡದಿಂದ ಹದಿನೈದನೆಯ ಕೊಡದವರೆಗೆ ಎಣಿಸಿದರೆ ಅದು ‘ಟಿ-೫೦’. ನೋಡಿ, ಎಷ್ಟು ಸುಲಭ!

ಸುಲಭವೆಂದೆವಲ್ಲ, ಅಲ್ಲಿಯೇ ಒಂದು ತಗಾದೆ. ನಮ್ಮ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಎಷ್ಟು ಸಲ ವಾಶರ್ ಬದಲಾಯಿಸಿದರೂ ಅಷ್ಟೆ. ಇಪ್ಪತ್ತು ಕೊಡಗಳಲ್ಲಿ ಈ ತೊಟ್ಟಿನ ನೀರೂ ಸೇರಿರುತ್ತದೆ; ಅದನ್ನು ಕಳೆಯಬೇಕು. ಆಕಾಶದಲ್ಲಿಯೂ ಹಾಗೆಯೇ. ಸ್ಫೋಟವಿಲ್ಲದಾಗಲೂ ಉಪಕರಣಕ್ಕೆ ಎಲ್ಲ ದಿಕ್ಕಿನಿಂದಲೂ ಅಷ್ಟಿಷ್ಟು ಕಿರಣ ಬಂದು ಬಡಿಯುತ್ತಲೇ ಇರುತ್ತದೆ. ಆದುದರಿಂದ ಸ್ಫೋಟಕ್ಕೆ ಮೊದಲಿನ ತೊಟ್ಟನ್ನೂ ಆಮೇಲಿನ ತೊಟ್ಟನ್ನೂ ನೋಡಿ, ನಡುವೆ ಎಷ್ಟು ತೊಟ್ಟಿಕ್ಕಿರಬಹುದೆಂದು ಅಂದಾಜು ಮಾಡಿ ಕಳೆಯುತ್ತಾರೆ. ಉಪಗ್ರಹ ಭೂಮಿಯನ್ನು ಸುತ್ತುತ್ತಿರುವುದರಿಂದ ಈ ತೊಟ್ಟೂ ಒಂದೇ ಸಮನಾಗಿರುವುದಿಲ್ಲ. ಅಂದಾಜು ಕೊಂಚ ಹೆಚ್ಚಾದರೆ ಸ್ಫೋಟದ ಬಾಲವೇ ಕತ್ತರಿಸಿ ಹೋಗುತ್ತದೆ. ಕೊಂಚ ಕಡಿಮೆಯಾದರೆ ಇಲ್ಲದ ಬಾಲ ಬೆಳೆಯುತ್ತದೆ.

ಶೆಟ್ಟರ ಹತ್ತು ನಿಮಿಷದ ಗುಟ್ಟೂ ಇಲ್ಲಿಯೇ ಇದೆ. ಅವರದು ಮೂರನೆಯ ಅಂತಸ್ತು. ಒತ್ತಡ ಜೋರಾಗಿದ್ದಾಗ ಮಾತ್ರ ಅಲ್ಲಿಗೆ ನೀರು ಏರುತ್ತದೆ. ಕೆಳಗೆ ನಮಗೆ ಎಳೆ ಬರುತ್ತಿರುವಾಗ ಅವರ ನಲ್ಲಿ ಒಣಗಿರುತ್ತದೆ. ಬಹಳ ದೂರದ ಸ್ಫೋಟವೂ ಹೀಗೆಯೇ. ಅದರ ಜೋರಿನ ಭಾಗವಷ್ಟೇ ನಮಗೆ ಕಾಣುತ್ತದೆ; ಮಂದವಾದ ಬಾಲ ತೊಟ್ಟಿನಲ್ಲಿ ಮುಳುಗಿ ಹೋಗುತ್ತದೆ. ಹೀಗೆ ದೂರದ ಸ್ಫೋಟ ಇದ್ದುದಕ್ಕಿಂತ ಮೊಟಕಾಗಿ ತೋರಬಹುದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಿಚಿತ್ರವಿದೆ. ವಿಶ್ವವು ಹಿಗ್ಗುತ್ತಿರುವುದರಿಂದ, ದೂರದ ಘಟನೆಯ ಕಾಲವೂ ಹಿಗ್ಗಿ ನಮ್ಮನ್ನು ತಲಪುತ್ತದೆ. ೨೦೦೯ರ ಏಪ್ರಿಲ್ ೨೩ರಂದು ಕಂಡ ಒಂದು ಸ್ಫೋಟದ ಬೆಳಕು ನಮ್ಮತ್ತ ಹೊರಟು ಸುಮಾರು ೧,೩೦೦ ಕೋಟಿ ವರ್ಷವಾಗಿತ್ತು. ನಮ್ಮ ಗಡಿಯಾರದಲ್ಲಿ ಅದು ಸುಮಾರು ಹತ್ತು ಸೆಕೆಂಡು. ಆದರೆ ಕಾಲ ಒಂಬತ್ತು ಪಟ್ಟಿಗೂ ಹೆಚ್ಚು ಹಿಗ್ಗಿತ್ತು. ಅದು ನಡೆದ ಸ್ಥಳದ ಲೆಕ್ಕದಲ್ಲಿ ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು. ಇನ್ನು ಉಪಕರಣದ ಸ್ವಭಾವ ಬೇರೆ. ಒಂದೇ ಸ್ಫೋಟದಲ್ಲಿ ಬಿರುಸಾದ ಕಿರಣಗಳು ಸಾಮಾನ್ಯವಾಗಿ ಬೇಗ ಮುಗಿಯುತ್ತವೆ, ಮೃದುವಾದವು ತಡವಾಗಿ. ಬಿರುಸನ್ನು ಹಿಡಿಯುವ ಉಪಕರಣ ಬರೆದುಕೊಂಡ ಅವಧಿ ಬೇರೆ, ಮೃದುವನ್ನು ಹಿಡಿಯುವುದರ ಅವಧಿ ಬೇರೆ.

ಇಷ್ಟೆಲ್ಲ ರಗಳೆ ಏತಕ್ಕೆ, ಆಕಾಶದ ಮಿಂಚು ಎಷ್ಟು ಹೊತ್ತು ಇದ್ದರೆ ನಮಗೇನು ಎಂದು ಓದುಗರು ಕೇಳಬಹುದು. ಕಾರಣವುಂಟು. ೧೯೯೧ರ ಏಪ್ರಿಲಿನಲ್ಲಿ ಅಮೆರಿಕದವರು ಕಾಂಪ್ಟನ್ ಎಂಬ ದೊಡ್ಡ ವೀಕ್ಷಣಾಲಯವನ್ನು ಮೇಲಕ್ಕೆ ಒಯ್ದಿಟ್ಟರು. ಅದರ ಎಂಟು ಮೂಲೆಗಳಲ್ಲಿದ್ದ ಎಂಟು ಉಪಕರಣಗಳು ೨೦೦೦ದವರೆಗೆ, ದಿನಕ್ಕೆ ಹೆಚ್ಚುಕಡಮೆ ಒಂದರಂತೆ, ೨,೭೦೪ ಸ್ಫೋಟಗಳನ್ನು ಹಿಡಿದುವು. ಮೊದಲ ಪಟ್ಟಿಯ ೨೨೨ ಸ್ಫೋಟಗಳ ಟಿ-೯೦ ತೆಗೆದುಕೊಂಡು, ಗ್ರೀಸಿನಲ್ಲಿ ಹುಟ್ಟಿದ ಕ್ರಿಸ್ಸಾ ಕೂವೆಲಿಯೋಟು ಎಂಬ ವಿದುಷಿಯೂ ಅವರ ಸಂಗಡಿಗರೂ ೧೯೯೩ರಲ್ಲಿ ಒಂದು ಲೆಕ್ಕ ಹಾಕಿದರು. ಅವಧಿಗಳು ಸಾಲಾಗಿ ಹರಡಿರಲಿಲ್ಲ. ಎರಡು ಗುಡ್ಡೆಗಳಾಗಿ ಬಿದ್ದಿದ್ದುವು. ನಡುವಿನ ತಗ್ಗು ಸುಮಾರು ಎರಡು ಸೆಕೆಂಡಿನಲ್ಲಿ. ಅಂದಿನಿಂದ, ಎರಡು ಸೆಕೆಂಡಿನೊಳಗಿನದು ‘ಗಿಡ್ಡ’, ಮೇಲಿನದು ‘ಉದ್ದ’ ಎಂದು ಎರಡು ಪಂಗಡಗಳಾದುವು.

ಪಂಗಡದ ಜೊತೆಗೆ ಕುಲವೂ ಗೊತ್ತಾಯಿತು. ಸೂರ್ಯನಿಗಿಂತ ಬಹುಪಾಲು ದೊಡ್ಡದಾದ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿದು ಸಾಯುವಾಗ ಹುಟ್ಟುವುದು ಉದ್ದನೆಯ ಸ್ಫೋಟ; ೨೦೦೩ರ ಮಾರ್ಚ್ ೨೯ರ ಸ್ಫೋಟದ ಹಿಂದೆಯೇ ಸಾಯುವ ನಕ್ಷತ್ರದ ಬೆಳಕು ಕಂಡು ಇದಕ್ಕೆ ಪುರಾವೆ ದೊರೆಯಿತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಢಿಕ್ಕಿ ಹೊಡೆದಾಗ ಹುಟ್ಟುವುದು ಗಿಡ್ಡನೆಯದು. ೨೦೧೭ರ ಆಗಸ್ಟ್ ೧೭ರಂದು ಅಮೆರಿಕ ಮತ್ತು ಇಟಲಿಯ ಗುರುತ್ವ ತರಂಗದ ಯಂತ್ರಗಳು ಇಂಥ ಒಂದು ಢಿಕ್ಕಿಯ ಅಲೆಯನ್ನು ಹಿಡಿದುವು. ಸುಮಾರು ೧.೭ ಸೆಕೆಂಡಿನ ಮೇಲೆ ಗ್ಯಾಮಾ ಮಿಂಚು ಬಂತು. ಸುಮಾರು ಎರಡು ಸೆಕೆಂಡು ಇತ್ತು. ದೂರ ಹದಿಮೂರು ಕೋಟಿ ಜ್ಯೋತಿರ್ವರ್ಷ. ಇಂಥ ಢಿಕ್ಕಿಗಳಲ್ಲಿಯೇ ಬಂಗಾರದಂಥ ಭಾರವಾದ ಲೋಹಗಳು ಹುಟ್ಟುತ್ತವೆಂದು ತಿಳಿದ ಮೇಲೆ, ನಮ್ಮಾಕೆ ತಮ್ಮ ಮಾಂಗಲ್ಯದ ಗುಂಡುಗಳನ್ನು ಬೆರಳಲ್ಲಿ ಹಿಡಿದು ಒಂದು ನಿಮಿಷ ಸುಮ್ಮನೆ ನೋಡುತ್ತ ಕೂತರು.

ಈ ಕೆಲಸದಲ್ಲಿ ನಮ್ಮವರ ಪಾಲೂ ಇದೆಯೆಂಬುದನ್ನು ಹೇಳದೆ ಮುಂದೆ ಹೋಗಲಾರೆವು. ೧೯೯೪ರ ಮೇ ತಿಂಗಳಲ್ಲಿ ಹಾರಿದ ಸ್ರಾಸ್-ಸಿ೨ ಎಂಬ ಉಪಗ್ರಹದಲ್ಲಿ, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸಿದ್ಧವಾದ ಗ್ಯಾಮಾ ಸ್ಫೋಟದ ಉಪಕರಣವಿತ್ತು. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹೊರಟ ಆಸ್ಟ್ರೋಸ್ಯಾಟಿನ ಒಂದು ಉಪಕರಣದ ನಿರ್ಮಾಣದಲ್ಲಿ, ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ದೊಡ್ಡ ಕೈಯಿದೆ. ಅದರ ದತ್ತಾಂಶದ ಕೆಲಸ ಪುಣೆಯ ಅಯುಕಾದಲ್ಲಿ ನಡೆಯಿತು. ೨೦೨೩ರ ಕೊನೆಗೆ ಆ ಉಪಕರಣ ೬೦೦ ಸ್ಫೋಟಗಳನ್ನು ಎಣಿಸಿತ್ತು. ಲೋಕಲ್ ಗಾಡಿಯಲ್ಲಿ ನೇತಾಡುತ್ತ ನಾವು ದಿನವೂ ಹೋಗುವ ಊರಿನಲ್ಲಿಯೇ ಇಂಥ ಕೆಲಸವೂ ನಡೆಯುತ್ತದೆ.

ಹೀಗೆ ಎರಡು ಸೆಕೆಂಡಿನ ಗೆರೆ ಎಳೆದು, ಅತ್ತ ಒಂದು ಗುಡ್ಡೆ ಇತ್ತ ಒಂದು ಗುಡ್ಡೆ ಮಾಡಿ ನೆಮ್ಮದಿಯಾಗಿದ್ದಾಗ, ಆಕಾಶ ಗೆರೆಯನ್ನು ಮನ್ನಿಸಲಿಲ್ಲ. ೨೦೨೦ರ ಆಗಸ್ಟ್ ೨೬ರಂದು ಬಂದದ್ದು ಒಂದು ಸೆಕೆಂಡಿನ ಆಸುಪಾಸಿನದು. ಗೆರೆಯ ಪ್ರಕಾರ ಗಿಡ್ಡ. ಆದರೆ ಹಿಂದೆ ನೋಡಿದರೆ ದೊಡ್ಡ ನಕ್ಷತ್ರದ ಸಾವು. ೨೦೨೧ರ ಡಿಸೆಂಬರ್ ೧೧ರಂದು ಬಂದದ್ದು ಐವತ್ತು ಸೆಕೆಂಡಿನ ಸುಮಾರಿನದು. ಗೆರೆಯ ಪ್ರಕಾರ ಉದ್ದ. ಹಿಂದೆ ನೋಡಿದರೆ ಢಿಕ್ಕಿಯ ಗುರುತು. ೨೦೨೩ರ ಮಾರ್ಚ್ ೭ರಂದು ಅರ್ಧ ನಿಮಿಷಕ್ಕೂ ಮೀರಿದ, ಬಹಳ ಪ್ರಖರವಾದ ಇನ್ನೊಂದು; ಜೇಮ್ಸ್ ವೆಬ್ ದೂರದರ್ಶಕ ಅದರ ಹಿಂದೆಯೂ ಢಿಕ್ಕಿಯ ಬೆಳಕನ್ನೇ ಕಂಡಿತು. ಅವಧಿಯನ್ನು ಅಳೆದದ್ದು ತಪ್ಪಾಗಿರಲಿಲ್ಲ. ಅವಧಿಯೊಂದನ್ನೇ ನೋಡಿ ಕುಲ ಹೇಳಿದ್ದು ಸಾಲದಾಯಿತು.

ಇದನ್ನು ಓದುತ್ತಿದ್ದಾಗ ನಮಗೆ ಒಂದು ಹಳೆಯ ಕಡತ ನೆನಪಾಗಿ, ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ನಾವು ಆಗ ನೌಕರಿಗೆ ಹೊಸಬರು. ನಿವೃತ್ತನಾದ ಒಬ್ಬ ಜವಾನನ ಪಿಂಚಣಿಯ ಕಾಗದ ನಮ್ಮ ಮೇಜಿಗೆ ಬಂತು. ಹತ್ತು ವರ್ಷದ ಸೇವೆ ಬೇಕು. ಸೇವಾ ಪುಸ್ತಕದಲ್ಲಿ ಮೊದಲು ಆರು ವರ್ಷ, ಆಮೇಲೆ ನಾಲ್ಕು ತಿಂಗಳು ಖಾಲಿ, ಆಮೇಲೆ ಒಂಬತ್ತು ವರ್ಷ ಎರಡು ತಿಂಗಳು. ನಾವು ಖಾಲಿ ಜಾಗ ಕಂಡೆವು. ಅಲ್ಲಿಗೆ ಹಿಂದಿನದು ಮುಗಿಯಿತೆಂದು ಗೆರೆ ಎಳೆದೆವು. ಕೊನೆಯ ತುಂಡನ್ನು ಮಾತ್ರ ಎಣಿಸಿ ‘ಅರ್ಹನಲ್ಲ’ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆವು. ಕೂಡಿಸಿದ್ದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ಬಂದ ಹೊಸ ಮೇಲ್ವಿಚಾರಕರು ಆ ಕಡತವನ್ನು ತೆರೆದು ನಮ್ಮನ್ನು ಕರೆದರು. “ನಡುವೆ ಖಾಲಿ ಇದೆ ಅಂತ ನೋಡಿದಿರಿ, ಸರಿ. ಯಾಕೆ ಖಾಲಿ ಇದೆ ಅಂತ ನೋಡಿದಿರಾ?” ಎಂದು ಕೇಳಿದರು. ಕಡತದ ಅಡಿಯಲ್ಲಿಯೇ ಆಸ್ಪತ್ರೆಯ ಕಾಗದವಿತ್ತು. ಆ ನಾಲ್ಕು ತಿಂಗಳು ಮನುಷ್ಯ ಹಾಸಿಗೆ ಹಿಡಿದಿದ್ದ. ಅಂಥ ಖಂಡವನ್ನು ಮನ್ನಿಸುವುದಕ್ಕೆ ನಿಯಮವಿತ್ತು, ಮನ್ನಿಸಿದರು, ಪಿಂಚಣಿ ಬಂತು. ಆದರೆ ಆ ಹನ್ನೊಂದು ತಿಂಗಳಲ್ಲಿ ಅವನ ಹೆಂಡತಿಯ ಕೈಬಳೆ ಹೋಗಿತ್ತು. ಹಣ ಕೈಸೇರಿದ ದಿನ ಅವನೇ ನಮ್ಮ ಮೇಜಿನ ಮುಂದೆ ನಿಂತು, “ಸಾಹೇಬರ ಉಪಕಾರ” ಎಂದು ಕೈಮುಗಿದ. ಟಿಪ್ಪಣಿ ಬರೆದವರು ನಾವೇ ಎಂದು ಅವನಿಗೆ ತಿಳಿದಿರಲಿಲ್ಲ. ನಾವೂ ಹೇಳಲಿಲ್ಲ. ಇಂದು ಇಲ್ಲಿ ಹೇಳುತ್ತಿದ್ದೇವೆ.

ಈಚಿನ ಒಂದು ಸುದ್ದಿಯೊಡನೆ ಮುಗಿಸೋಣ. ೨೦೨೫ರ ಜುಲೈ ೨ರಂದು, ಮೊದಲ ಮಿಂಚು ಕಂಡು ಸರಿಯಾಗಿ ಐವತ್ತೆಂಟು ವರ್ಷಕ್ಕೆ, ಫರ್ಮಿ ಎಂಬ ಉಪಗ್ರಹ ಒಂದು ಸ್ಫೋಟವನ್ನು ಕಂಡು ಹೆಸರಿಟ್ಟಿತು. ಕೊಂಚ ಹೊತ್ತಿಗೆ ಇನ್ನೊಂದು ಕಂಡಿತು, ಇನ್ನೊಂದು ಹೆಸರು. ಮತ್ತೊಂದು ಕಂಡಿತು, ಮತ್ತೊಂದು ಹೆಸರು. ದಿಕ್ಕು ನೋಡಿದರೆ ಎಲ್ಲ ಒಂದೇ ಕಡೆಯಿಂದ! ಬೇರೆ ಬೇರೆ ಎಂದು ಬರೆದುಕೊಂಡದ್ದೆಲ್ಲ ನಡುನಡುವೆ ಖಾಲಿ ಬಿಟ್ಟುಕೊಂಡು ಬಂದ ಒಂದೇ ಸ್ಫೋಟ. ಏಳು ಗಂಟೆಗೂ ಮೇಲೆ ಅದು ನಡೆಯಿತು. ಇದುವರೆಗೆ ಕಂಡುದರಲ್ಲೆಲ್ಲ ಉದ್ದವಾದದ್ದು ಅದು. ಚೀನದ ಐನ್‌ಸ್ಟೈನ್ ಪ್ರೋಬ್ ಉಪಗ್ರಹದ ದಾಖಲೆ ತೆಗೆದು ನೋಡಿದರೆ, ಅದರ ಎಕ್ಸ್‌ರೇ ಹಿಂದಿನ ದಿನವೇ ಬರಲು ತೊಡಗಿತ್ತು! ಅದು ಯಾವ ಕುಲದ್ದೆಂಬುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತವಿಲ್ಲ. ಅವರು ಅವಸರಪಡದೆ ಕಾಗದಗಳನ್ನು ನೋಡುತ್ತಿದ್ದಾರೆ.

ಭಾನುವಾರದ ಪಾಠ ಮುಗಿದ ಮೇಲೆ ಮಗಳು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಾಲು ಗೀಚಿದಳು. ಒಂದು ಮೊದಲನೆಯ ಕೊಡಕ್ಕೆ, ಇನ್ನೊಂದು ಹತ್ತೊಂಬತ್ತನೆಯದಕ್ಕೆ. ಒಂದು ವಾರದಿಂದ ನಮ್ಮಾಕೆ ಕೊಡ ಎತ್ತಿಡುತ್ತ ಹೊತ್ತು ಹೇಳುತ್ತಾರೆ, ಇವಳು ಬರೆಯುತ್ತಾಳೆ. ಶೆಟ್ಟರ ಮನೆಯಲ್ಲಿಯೂ ಒಂದು ಕಾಗದ ಅಂಟಿಸಿಯಾಗಿದೆ. ನಿನ್ನೆ ನಮ್ಮಲ್ಲಿ ಹದಿನಾಲ್ಕು ನಿಮಿಷ, ಅವರಲ್ಲಿ ಎಂಟು. ಕೊಡವೆತ್ತುವ ಕೆಲಸ ಒಂದು ಬೆಳಗಾದರೂ ನಮ್ಮ ಪಾಲಿಗೆ ಬರಲೆಂದು ನಮ್ಮಾಕೆ ತೀರ್ಪು ಕೊಟ್ಟಿದ್ದಾರೆ, ಅದೂ ನ್ಯಾಯವೇ. ಪುಣೆ, ಹೈದರಾಬಾದು, ಮದರಾಸು, ದಿಲ್ಲಿಗಳ ನಮ್ಮ ಬಂಧುಗಳೂ ತಮ್ಮ ತಮ್ಮ ನಲ್ಲಿಯ ಟಿ-೯೦ ಅಳೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಎಷ್ಟನೆಯ ಅಂತಸ್ತು ಎಂಬುದನ್ನೂ, ರಾತ್ರಿ ನಲ್ಲಿ ತೊಟ್ಟಿಕ್ಕುತ್ತದೆಯೆ ಎಂಬುದನ್ನೂ ಮರೆಯದೆ ಬರೆಯಿರಿ.